ಹನ್ನೆರಡು ಎತ್ತಿನ ಗೌಂಡಿ

"ಲೇ ಸುಭಾನ್ಯಾ, ನೀ ಕಟ್ಟಿದ ಗ್ವಾಡಿಗೆ ನಾಯಿ ಕಾಲೆತ್ತಿದ್ರ ನಾಯಿ ಉಳದೀತು, ಗ್ವಾಡಿ ಉಳಿಯೂದಿಲ್ಲ!"

ಇಳಕಲ್ಲಿನ ಗೌಂಡಿ ಚಾಂದಸಾಬ ಈ ಮಾತನ್ನು ಕಿವಿಯಲ್ಲಿ ಹೇಳಿದ್ದಲ್ಲ. ಬಾಗಲಕೋಟೆಯಲ್ಲಿ ಪಂಢರೀನಾಥರಾಯರ ಹೊಸ ಮನೆಯ ಪಾಯದ ಪೂಜೆಗೆ ನಲವತ್ತು ಮಂದಿ ಬಂದಿದ್ದರು. ಪೂಜೆಗೆ ಬಾರದೆ ಪ್ರಸಾದಕ್ಕಷ್ಟೇ ಬಂದವರು ಇನ್ನೂ ಇಪ್ಪತ್ತು ಮಂದಿ. ಅಷ್ಟೂ ಮಂದಿ ಕೇಳುವಂತೆ, ಮಂತ್ರಕ್ಕಿಂತ ಒಂದು ಧ್ವನಿ ಮೇಲೆಯೇ ಹೇಳಿದ. ಜನ ನಕ್ಕಿತು. ಪುರೋಹಿತರು ಮಂತ್ರ ನಿಲ್ಲಿಸಿ ನಕ್ಕು, ಎಲ್ಲಿ ಬಿಟ್ಟಿದ್ದೆನೆಂದು ಮರೆತು, ಮತ್ತೆ ಮೊದಲಿನಿಂದ ಹಿಡಿದರು.

ಸುಭಾನಸಾಬ ಕೈಯಲ್ಲಿ ಗಾರೆ ಮೆತ್ತುವ ಕರಣಿ ಹಿಡಿದು ಪಾಯದ ಗುಂಡಿಯಲ್ಲಿ ನಿಂತಿದ್ದ. ಗುಂಡಿಯಲ್ಲಿ ನಿಂತವನನ್ನು ನೋಡಿ ನಗುವುದು ಮೇಲೆ ನಿಂತವರಿಗೆ ಬಹಳ ಸುಲಭ.

ಅವನು ಇಪ್ಪತ್ತು ವರ್ಷದಿಂದ ಗೋಡೆ ಕಟ್ಟುವ ಗೌಂಡಿ. ಇಷ್ಟು ದಿನ ಕಟ್ಟಿದ್ದೆಲ್ಲ ದಿನಗೂಲಿಯ ಮೇಲೆ: ಒಬ್ಬರ ಹಿತ್ತಿಲ ಗೋಡೆ, ಇನ್ನೊಬ್ಬರ ಬಚ್ಚಲು, ಮಗದೊಬ್ಬರ ಮನೆಯ ಮುಂದಿನ ಕಟ್ಟೆ. ಪಾಯದಿಂದ ಮಾಳಿಗೆಯ ಮಣ್ಣಿನವರೆಗೆ ಇಡೀ ಮನೆಯನ್ನು ಗುತ್ತಿಗೆ ಹಿಡಿದದ್ದು ಇದೇ ಮೊದಲು. ಪ್ಲೇಗು ಇಳಿದ ಮೇಲೆ ಊರಲ್ಲಿ ಮನೆ ಕಟ್ಟುವ ಹುಚ್ಚು ಏರಿತ್ತು. ಆರಾಣೆಗೆ ಬರುತ್ತಿದ್ದ ಗೌಂಡಿ ಹತ್ತಾಣೆಗೂ ಮುಖ ತಿರುಗಿಸುತ್ತಿದ್ದ. ಬಾದಾಮಿಯ ಕೆಂಪು ಕಲ್ಲಿಗೆ ಬಾದಾಮಿ ಬೀಜದ ಬೆಲೆ ಬಂದಿತ್ತು. ಸಾಗವಾನಿ ತೊಲೆಯ ಧಾರಣೆ ಕೇಳಿದ ಯಜಮಾನರು ಬೇವಿನ ಮರವನ್ನೇ ಪ್ರೀತಿಯಿಂದ ನೋಡತೊಡಗಿದ್ದರು. ಇಂಥ ಪೇಟೆಯಲ್ಲಿ ಚಾಂದಸಾಬ ರಾಯರ ಮನೆಗೆ ಹನ್ನೆರಡು ನೂರು ಹೇಳಿದ್ದ, ಸುಭಾನಸಾಬ ಒಂಬೈನೂರು. ರಾಯರು ಮಾಮಲೇದಾರ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನರಾಗಿದ್ದವರು. ಒಂಬೈನೂರು ಹನ್ನೆರಡು ನೂರಿಗಿಂತ ಕಡಿಮೆ ಎಂಬುದು ಅವರಿಗೆ ಕೂಡಲೇ ಹೊಳೆಯಿತು.

ಅದಕ್ಕೇ ಚಾಂದಸಾಬನ ಹೊಟ್ಟೆಯಲ್ಲಿ ಸುಣ್ಣದ ಭಟ್ಟಿ ಹೊತ್ತಿದ್ದು.

"ನಗಬ್ಯಾಡ್ರಿ," ಎಂದು ಅವನು ಜನರಿಗೇ ಬುದ್ಧಿ ಹೇಳಿದ. "ಮೊದಲ ಇದನ್ನ ಕೇಳ್ರಿ. ಲೇ ಸುಭಾನ್ಯಾ, ಗುತ್ತಿಗಿ ಹಿಡದೀ ಅಲ್ಲ, ನಿನ್ನ ಹಂತೇಕ ಲೈಸನ್ಸ್ ಅದ ಏನು?"

"ಎಂಥಾ ಲೈಸನ್ಸು?"

"ಕೇಳಿದ್ರ್ಯಾ ರಾಯರ? ಎಂಥಾದ್ದು ಅಂತಾನ!" ಚಾಂದಸಾಬ ಬಗಲಿನಿಂದ ಒಂದು ತಗಡಿನ ನಳಿಗೆ ತೆಗೆದ, ಅದರಿಂದ ಸುರುಳಿ ಸುತ್ತಿದ ಒಂದು ಕಾಗದ ತೆಗೆದ. ಇಂಗ್ಲಿಷ್ ಅಕ್ಷರ, ಮೇಲೆ ಕಿರೀಟದ ಚಿತ್ರ, ಕೆಳಗೆ ದುಂಡನೆಯ ಸರಕಾರಿ ಠಸ್ಸೆ. ಎಲ್ಲರ ಮೂಗಿನ ಕೆಳಗೆ ಒಮ್ಮೆ ಆರತಿಯಂತೆ ತಿರುಗಿಸಿ ಮತ್ತೆ ನಳಿಗೆಗೆ ಹಾಕಿದ. "ಇದು ಲೈಸನ್ಸು. ಇದರ ಮ್ಯಾಲ ಇಳಕಲ್ಲದಾಗ ಹದಿನೈದು ಮನಿ ಎಬ್ಬಸೇನಿ. ಲೈಸನ್ಸ್ ಇಲ್ಲದಾಂವ ಕಟ್ಟಿದ ಮನೀನ ಸರಕಾರ ಬಂದು ಕೆಡವತದ."

ಠಸ್ಸೆ ಕಂಡದ್ದೇ ರಾಯರು ನೆಟ್ಟಗೆ ನಿಂತರು. ಮೂವತ್ತು ವರ್ಷದ ಚಾಕರಿ ಬೆನ್ನುಮೂಳೆಯಲ್ಲಿ ಉಳಿದಿರುತ್ತದೆ.

"ಸುಭಾನ, ಕಾಯದೆ ಅಂದ್ರ ಕಾಯದೆ. ಎಂಟು ದಿವಸ ಕೊಡ್ತೇನಿ. ಲೈಸನ್ಸ್ ತಂದ್ರ ಕೆಲಸ ನಿಂದು. ಇಲ್ಲಾಂದ್ರ ಚಾಂದಸಾಬಂದು."

"ಅಯ್ಯ, ನಮ್ಮ ಅಪ್ಪನ ಮನಿ ಕಟ್ಟಿದಾಂವಗ ಯಾರ ಕೊಟ್ಟಿದ್ರೋ ಲೈಸನ್ಸು?" ಎಂದರು ರಾಯರ ಅಕ್ಕ ಮಥುರಾಬಾಯಿ. ಅವರಿಗೆ ಎಪ್ಪತ್ತು ದಾಟಿತ್ತು. ಅವರ ಮಾತನ್ನು ಈ ತಮ್ಮ ಅರವತ್ತು ವರ್ಷದಿಂದ ಕೇಳಿಸಿಕೊಂಡಿರಲಿಲ್ಲ, ಇವತ್ತೂ ಕೇಳಿಸಿಕೊಳ್ಳಲಿಲ್ಲ.

ಚಾಂದಸಾಬ ಹೋಗುವಾಗ ಗುಂಡಿಯೊಳಗೆ ಬಗ್ಗಿ ಹೇಳಿದ: "ಒಂಬತ್ತನೇ ದಿನಾ ಬಾರಲೇ. ನನ್ನ ಕೈಕೆಳಗ ಮಣ್ಣು ಕಲಸಾಕ ಒಬ್ಬ ಆಳು ಬೇಕಾಗ್ಯಾನ."

ಸುಭಾನಸಾಬ ಬೇವೂರಿನಲ್ಲಿ ಸುಣ್ಣದ ಭಟ್ಟಿ ಹೊತ್ತಿಸಲು ಹೇಳಿಯಾಗಿತ್ತು. ಮಹಾಕೂಟದಿಂದ ಆರು ಕಲ್ಲುಕುಟಿಗರನ್ನು ಮಾತು ಕೊಟ್ಟು ಕರೆಸಿದ್ದ. ಊರಿಗೆಲ್ಲ "ಗುತ್ತೇದಾರ" ಎಂದು ಹೇಳಿಕೊಂಡಾಗಿತ್ತು. ಈಗ ಚಾಂದಸಾಬನ ಮಣ್ಣು ಕಲಸುವುದೆಂದರೆ ಅದರಲ್ಲಿ ತನ್ನ ಮಾನವನ್ನೂ ಕಲಸಿದಂತೆ. ಮರುದಿನವೇ ಲೈಸನ್ಸು ಹುಡುಕುತ್ತ ಕಚೇರಿಗೆ ಹೊರಟ.

ಯಾವ ಕಚೇರಿ ಎಂದು ಹೇಳುವುದಿಲ್ಲ. ಪ್ರತಿಯೊಂದು ಕಚೇರಿಯೂ ತನ್ನದೇ ಎಂದು ತಿಳಿದುಕೊಳ್ಳಲಿ, ಯಾವುದೂ ತಪ್ಪಾಗುವುದಿಲ್ಲ. ಎರಡು ದಿನ ಅವನನ್ನು ಈ ಬಾಗಿಲಿನಿಂದ ಆ ಬಾಗಿಲಿಗೆ ಕಳಿಸಿದರು. ಮೂರನೆಯ ದಿನ ಬಾಗಿಲು ಕಾಯುವ ಒಬ್ಬ ಪಟ್ಟೇವಾಲ, "ಲೈಸನ್ಸ? ಅಗೋ, ಆ ಮೂಲ್ಯಾಗ," ಎಂದು ಗದ್ದದಿಂದ ತೋರಿಸಿದ.

ಆ ಮೂಲೆಯಲ್ಲಿ ಕೂತಿದ್ದ ಕಾರಕೂನನ ಕೆಲಸ ಬಂಡಿಗಳಿಗೆ ಲೈಸನ್ಸು ಕೊಡುವುದು. ಬಾಡಿಗೆ ಬಂಡಿಗಳ ಗಾಲಿ ಎಣಿಸಿ ತಗಡಿನ ಬಿಲ್ಲೆ ಕೊಡುತ್ತಿದ್ದ. ಹನ್ನೊಂದು ವರ್ಷ "ಬಂಡಿ, ಬಂಡಿ" ಎಂದು ಕೇಳಿ ಕೇಳಿ ಅವನ ಕಿವಿಗೆ ಬೇರೆ ಶಬ್ದ ಹಿಡಿಸುತ್ತಿರಲಿಲ್ಲ. ಬಾಯಲ್ಲಿ ಐದು ಎಲೆಯ ಮಡಿಕೆ ಇದ್ದದ್ದರಿಂದ ಅವನ ಮಾತೂ ಬೇರೆಯವರ ಕಿವಿಗೆ ಹಿಡಿಸುತ್ತಿರಲಿಲ್ಲ.

"ಗೌಂಡಿ ಲೈಸನ್ಸ್ ಬೇಕಾಗಿತ್ರಿ ಸಾಹೇಬ್ರ," ಎಂದ ಸುಭಾನಸಾಬ.

ಬಂಡಿ ಲೈಸನ್ಸು, ಎಂದು ಕಾರಕೂನ ಬರೆದುಕೊಂಡ. ತಲೆ ಎತ್ತದೆ ಕೇಳಿದ: "ಗಾಲಿ ಎಷ್ಟು?"

ಎಲೆಅಡಿಕೆಯ ನಡುವೆ ನುಸುಳಿ ಬಂದ ಆ ಮಾತು ಸುಭಾನಸಾಬನಿಗೆ 'ಖೋಲಿ ಎಷ್ಟು' ಎಂದು ಕೇಳಿಸಿತು. ಎಂಥ ಬುದ್ಧಿವಂತ ಪ್ರಶ್ನೆ! ಮನೆ ಎಂದ ಮೇಲೆ ಮೊದಲು ಕೋಣೆಯ ಲೆಕ್ಕವನ್ನೇ ಕೇಳಬೇಕು.

"ಎಂಟ್ರಿ. ಈ ಕಡೆ ನಾಕು, ಆ ಕಡೆ ನಾಕು."

ಕಾರಕೂನನ ಲೇಖನಿ ಒಂದು ಗಳಿಗೆ ನಿಂತಿತು. ಎಂಟು ಗಾಲಿ. ಆದರೆ ಎದುರಿಗಿದ್ದವನು ಹೇಳಿದ್ದನ್ನು ಬರೆಯುವುದು ತನ್ನ ಕೆಲಸ, ಆಶ್ಚರ್ಯಪಡುವುದು ಮೇಲಿನವರ ಕೆಲಸ. ಬರೆದ.

"ಎತ್ತೆಷ್ಟು?"

"ಎತ್ತರೇನ್ರಿ? ಹನ್ನೆರಡು."

"ಹನ್ನೆರಡು!" ಈ ಸಲ ಎಲೆಯ ರಸ ಒಂದು ಹನಿ ದಫ್ತರದ ಮೇಲೆ ಬಿತ್ತು. "ಇಷ್ಟ್ಯಾಕಪಾ?"

"ಗಾಳಿ ಬೆಳಕು ಚೊಲೊ ಆಡಬೇಕಲ್ರಿ."

ಮೂಕ ಪ್ರಾಣಿಯ ಮೇಲೆ ಇಷ್ಟು ಕಾಳಜಿ ಇರುವ ಮನುಷ್ಯನನ್ನು ಕಾರಕೂನ ಕಂಡಿರಲಿಲ್ಲ. ಮೆಚ್ಚಿ ತಲೆದೂಗಿದ. "ಏನೇನು ಹಾಕ್ತಿ ಅದಕ್ಕ?"

"ಕಲ್ಲು, ಮಣ್ಣು, ಸುಣ್ಣಾ."

"ಎಲ್ಲಿ ನಿಂದರಸ್ತಿ? ದಾರಿಗೆ ಅಡ್ಡ ಬರಬಾರದು ನೋಡು."

"ಇಲ್ರಿ, ಪಂಢರೀನಾಥರಾಯರ ಜಾಗಾದಾಗ ನಿಂದರಸ್ತೇನ್ರಿ. ಒಮ್ಮೆ ನಿಂತಿತು ಅಂದ್ರ ಐವತ್ತು ವರ್ಷ ಅಲ್ಲಾಡೂದಿಲ್ರಿ."

"ಅಲ್ಲಾಡೂದಿಲ್ಲ?"

"ಬೇಕಾದ್ರ ಬರಸಿ ಕೊಡ್ತೇನ್ರಿ."

"ಹಂಗಿದ್ರ ಹನ್ನೆರಡು ಬೇಕ ಬೇಕಪಾ," ಎಂದು ಕಾರಕೂನ ನಿಟ್ಟುಸಿರು ಬಿಟ್ಟು ಅದನ್ನೂ ಬರೆದ.

ಎರಡು ಗಾಲಿಗೆ ಒಂದರಂತೆ ನಾಲ್ಕು ತಗಡಿನ ಬಿಲ್ಲೆ ಕೊಟ್ಟ. ಬಿಲ್ಲೆಯ ಮೇಲೆ ಬರೀ ಅಂಕಿ: ಇನ್ನೂರ ಹನ್ನೊಂದರಿಂದ ಇನ್ನೂರ ಹದಿನಾಲ್ಕು. ಜೊತೆಗೆ ಕಚೇರಿಯ ಕೂಡುಬರಹವಾದ ಮೋಡಿ ಅಕ್ಷರದ ಒಂದು ಪಾವತಿ ಚೀಟಿ. ಮೋಡಿ ಓದಲು ಬರುವವರು ಊರಲ್ಲಿ ಕೆಲವರೇ. ಸುಭಾನಸಾಬನಿಗಂತೂ ಯಾವ ಅಕ್ಷರವೂ ಒಂದೇ. ಎಲ್ಲವೂ ಇರುವೆ ಸಾಲು.

ಮನೆಗೆ ಬಂದು ಹೆಂಡತಿ ಲಾಡಬಿಯ ಮುಂದೆ ನಾಲ್ಕೂ ಬಿಲ್ಲೆ ಇಟ್ಟ.

"ಚಾಂದಸಾಬನ ಹಂತೇಕ ಒಂದು ಅದ. ನನಗ ನಾಕು ಕೊಟ್ಟಾರ. ತಗಡಿನ್ವು ಬ್ಯಾರೆ! ಕಾಗದಾ ಗೆದ್ದಲ ತಿಂತದ, ತಗಡ ತಿಂತದೇನು?"

ಲಾಡಬಿ ಪಾವತಿಯನ್ನು ಕಣ್ಣಿಗೊತ್ತಿಕೊಂಡಳು. ಸರಕಾರದ ಅಕ್ಷರವನ್ನು ಗೂಟಕ್ಕೆ ಚುಚ್ಚುವುದು ತಪ್ಪೆಂದು ಅದನ್ನು ಎಂಟು ಮಡಿಕೆ ಮಾಡಿ, ಹಸಿರು ಬಟ್ಟೆಯಲ್ಲಿ ಹೊಲಿದು, ತಾಯತ ಮಾಡಿ ಗಂಡನ ತೋಳಿಗೆ ಕಟ್ಟಿದಳು. ಸುಭಾನಸಾಬ ನಾಲ್ಕು ಬಿಲ್ಲೆಗಳನ್ನೂ ದಾರಕ್ಕೆ ಪೋಣಿಸಿ ಎದೆಯ ಮೇಲೆ ಇಳಿಬಿಟ್ಟ. ನಡೆದರೆ ಜಣಜಣ ಎನ್ನುತ್ತಿತ್ತು. ಆ ಸದ್ದು ಕೇಳಿದರೆ ಪೇಟೆಯ ದನಗಳು ದಾರಿ ಬಿಡುತ್ತಿದ್ದವು. ಜನ ಅದಕ್ಕಿಂತ ಬೇಗ ಬಿಡುತ್ತಿದ್ದರು.

ಎರಡು ದಿನದಲ್ಲಿ ಊರಿನ ಕಣ್ಣು ಬದಲಾಯಿತು. ನಿನ್ನೆ "ಲೇ ಸುಭಾನ್ಯಾ" ಎಂದವರು ಇಂದು "ಸುಭಾನಸಾಬ್ರ, ಬರ್ರಿ, ಕೂಡ್ರಿ" ಎಂದರು. ಬಾದಾಮಿಯ ಇಬ್ಬರು ಗೌಂಡಿಗಳು ನಡೆದು ಬಂದು ಬಿಲ್ಲೆ ಮುಟ್ಟಿ ನೋಡಿ, "ನಮಗೂ ಒಂದೊಂದು ಕೊಡಸ್ರಿ" ಎಂದು ಕೈ ಮುಗಿದರು. ಸುಭಾನಸಾಬ ಗಡ್ಡ ನೀವಿ, "ಅದು ಎಲ್ಲಾರಿಗೂ ಕೊಡಾಂಗಿಲ್ಲಪಾ, ಭಾಳ ಕೇಳತಾರ. ಖೋಲಿ ಕೇಳತಾರ, ಎತ್ತರ ಕೇಳತಾರ, ನಿಂದರತದೇನು ಅಂತ ಕೇಳತಾರ," ಎಂದ. ಅವರು ಬೆವರು ಒರೆಸಿಕೊಂಡು ಹೋದರು.

ಆದರೆ ಕಚೇರಿಯ ಸುದ್ದಿ ಕಚೇರಿಯಲ್ಲೇ ಉಳಿದ ದಾಖಲೆ ಲೋಕದಲ್ಲಿಲ್ಲ. ಎಲೆಅಡಿಕೆಯ ಕಾರಕೂನ ಸಂಜೆ ಚಹದಂಗಡಿಯಲ್ಲಿ ಉಸುರಿದ, ಅಲ್ಲಿಂದ ಅದು ಶಿರೂರಿನ ಸಂತೆಗೆ ಹೋಯಿತು: ಸುಭಾನಸಾಬನ ಹತ್ತಿರ ಎಂಟು ಗಾಲಿಯ ಬಂಡಿ ಇದೆ, ಹನ್ನೆರಡು ಎತ್ತು ಇವೆ. ಇದನ್ನು ಸುಭಾನಸಾಬನೊಬ್ಬನನ್ನು ಬಿಟ್ಟು ಎಲ್ಲರಿಗೂ ಹೇಳಿದರು. ಆರನೆಯ ದಿನ ಶಿರೂರಿನಿಂದ ಲಾಡಬಿಯ ತಮ್ಮ ನಜೀರಸಾಬ ಬೆಳಗಾಗುವುದರೊಳಗೆ ಬಂದು ಬಾಗಿಲಲ್ಲಿ ಕೂತ. ರೈತ ಮನುಷ್ಯ. ಹಿಂಗಾರಿ ಬಿತ್ತಿಗೆಯ ದಿನ.

"ಭಾವಾ, ಹನ್ನೆರಡು ಕಟ್ಟೀಯಂತಲ್ಲ!"

"ಇನ್ನ ಎಲ್ಲಿ ಕಟ್ಟೇನೋ? ಕಟ್ಟಬೇಕು. ರಾಯರ ಜಾಗಾದಾಗ ಕಟ್ಟತೇನಿ."

"ಮಂದಿ ಜಾಗಾದಾಗ ಯಾಕ? ನಮ್ಮ ಹಿತ್ತಲದಾಗ ಕಟ್ಟು."

"ನಿಮ್ಮ ಹಿತ್ತಲದಾಗ ಹನ್ನೆರಡು ಕಟ್ಟಿದ್ರ ನೋಡಾವ್ರ ಯಾರೋ?"

"ಹನ್ನೆರಡೂ ಬ್ಯಾಡ ಭಾವಾ. ಎರಡ ಕೊಡು. ಬಿತ್ತಿಗಿ ಮುಗದ ಮ್ಯಾಲ ತಂದು ಕೊಡ್ತೇನಿ."

ಸುಭಾನಸಾಬ ಮೈದುನನ ಮುಖ ನೋಡಿದ. ಎರಡು ಫೂಟು ಗೋಡೆ ಒಯ್ದು ಬಿತ್ತಿಗೆಗೆ ಏನು ಮಾಡುತ್ತಾನೆ? ಆಮೇಲೆ ಹೊಳೆಯಿತು. ಹಳೆಯ ಗೋಡೆಯ ಮಣ್ಣನ್ನು ರೈತರು ಹೊಲಕ್ಕೆ ಗೊಬ್ಬರವೆಂದು ಹಾಕುತ್ತಾರಲ್ಲ! ಪಾಪ, ಗೊಬ್ಬರಕ್ಕೂ ಗತಿಯಿಲ್ಲ.

"ನಜೀರ, ಸರಕಾರದಾಗ ಹನ್ನೆರಡು ಅಂತ ಬರಸೇನಿ. ಹತ್ತು ಮಾಡಾಕ ಬರೂದಿಲ್ಲ. ಬೇಕಾದ್ರ ಬಿದ್ದ ಮ್ಯಾಲ ಒಯ್ಯಿ."

"ಬಿದ್ದ ಮ್ಯಾಲ ಒಯ್ದು ಏನ್ ಮಾಡ್ಲಿ? ಚರ್ಮಾ ಸುಲೀಲೇನು?"

"ಬೀಳೂದಿಲ್ಲ ಬಿಡು, ಅಂಜಬ್ಯಾಡ. ಐವತ್ತು ವರ್ಷ ನಿಂದರತದ."

"ಐವತ್ತು ವರ್ಷ! ಯಾ ತಳಿ ಅದು?"

"ತಳಾನ? ತಳಾ ಎಲ್ಲಾ ಕರೀಕಲ್ಲು."

ನಜೀರಸಾಬ ಸಿಟ್ಟಿನಿಂದ ಎದ್ದ. ಅಕ್ಕನ ಗಂಡ ಹನ್ನೆರಡು ಎತ್ತು ಇಟ್ಟುಕೊಂಡು ಎರಡು ಕೊಡಲಿಲ್ಲ ಎಂಬ ಸಂಕಟವನ್ನು ಶಿರೂರಿನವರೆಗೂ ದಾರಿಯುದ್ದಕ್ಕೂ ಹಂಚುತ್ತ ಹೋದ. ಐವತ್ತು ವರ್ಷ ಬದುಕುವ ಕರೀಕಲ್ಲು ತಳಿಯ ಎತ್ತಿನ ಸುದ್ದಿ ಅವನಿಗಿಂತ ಮುಂಚೆ ಊರು ಮುಟ್ಟಿತು.

ಎಂಟನೆಯ ದಿನ ಬಂತು. ರಾಯರು ಪಾಯದ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಥುರಾಬಾಯಿ ಕಲ್ಲಿನ ರಾಶಿಯ ಮೇಲೆ ಕೂತಿದ್ದರು. ಮೊದಲಿನ ಅರವತ್ತು ಮಂದಿಯ ಜೊತೆ, ಎತ್ತು ನೋಡಬೇಕೆಂದು ಶಿರೂರಿನಿಂದ ಬಂದವರು ಇನ್ನೂ ಅರವತ್ತು. ಚಾಂದಸಾಬ ನಳಿಗೆ ಬಗಲಲ್ಲಿಟ್ಟು ನಿಂತಿದ್ದ. ಸುಭಾನಸಾಬ ಜಣಜಣ ಎನ್ನುತ್ತ ಬಂದ.

"ತಂದೇನ್ರಿ ರಾಯರ. ಒಂದಲ್ಲ, ನಾಕು!"

ಚಾಂದಸಾಬನ ಮುಖ ಹಸಿ ಸುಣ್ಣದಂತೆ ಬಿಳಿಚಿತು. ರಾಯರು ಬಿಲ್ಲೆ ನೋಡಲು ಕನ್ನಡಕ ಹುಡುಕುತ್ತಿದ್ದಾಗಲೇ ಕುದುರೆಯ ಸಪ್ಪಳ ಕೇಳಿಸಿತು. ರಸ್ತೆಗಳ ಓವರಸಿಯರ ಸಾಹೇಬರು! ಹಿಂದೆ ಇಬ್ಬರು ಪಟ್ಟೇವಾಲರು, ಅಳತೆಯ ಸರಪಳಿ. ಆಗಷ್ಟೇ ಊರ ರಸ್ತೆಗೆ ಹೊಸ ಜಲ್ಲಿ ಖಡಿ ಹಾಕಿಸಿದ್ದರು. ಎಂಟು ಗಾಲಿ, ಹನ್ನೆರಡು ಎತ್ತು, ಮೇಲೆ ಕಲ್ಲಿನ ಹೇರು ಎಂದು ದಫ್ತರದಲ್ಲಿ ಓದಿದಾಗಿನಿಂದ ಅವರಿಗೆ ಊಟ ಸೇರಿರಲಿಲ್ಲ.

"ಎಲ್ಲದ ಆ ಬಂಡಿ?" ಎಂದು ಕುದುರೆಯ ಮೇಲಿಂದಲೇ ಗುಡುಗಿದರು.

ಗೌಂಡಿ ಎಲ್ಲಿ ಎಂದು ಕೇಳಿದರೆಂದುಕೊಂಡ ಸುಭಾನಸಾಬ ಎದೆ ಉಬ್ಬಿಸಿ ಮುಂದೆ ಬಂದ. "ನಾನ್ರಿ ಸಾಹೇಬ್ರ."

"ನೀನ?"

"ಹೌದ್ರಿ. ನಮ್ಮಪ್ಪನೂ ಅದ, ನಮ್ಮಜ್ಜನೂ ಅದ."

ಓವರಸಿಯರರು ಪಟ್ಟೇವಾಲನ ಕಡೆ ನೋಡಿದರು. ಪಟ್ಟೇವಾಲ ಆಕಾಶ ನೋಡಿದ.

"ಎಂಟೂ ಎಲ್ಲವ?"

"ನಾಕು ಇಲ್ಲಿ, ನಾಕು ಅಲ್ಲಿ," ಎಂದು ಸುಭಾನಸಾಬ ಬರಿಯ ನೆಲ ತೋರಿಸಿದ. "ಇನ್ನ ಎಬ್ಬಸಬೇಕ್ರಿ."

"ಹನ್ನೆರಡು?"

ಸುಭಾನಸಾಬ ಒಂದು ಬಿದಿರು ತಂದು ನೆಟ್ಟಗೆ ಹಿಡಿದು ಅದರ ತುದಿ ತೋರಿಸಿದ. "ಅಲ್ಲಿತನಕಾ ಬರತದ್ರಿ."

ನೂರಿಪ್ಪತ್ತು ಮಂದಿ ಬಿದಿರಿನ ತುದಿ ನೋಡಿದರು. ಅಲ್ಲಿ ಎತ್ತು ಇರಲಿಲ್ಲ. ಓವರಸಿಯರರ ಹಣೆಯ ನರ ಎದ್ದಿತು. ಕುದುರೆಯಿಂದ ಇಳಿದರು. "ಮಗನ, ಸರಕಾರದ ಜೋಡಿ ಚ್ಯಾಷ್ಟಿ ಮಾಡ್ತಿ? ಪಾವತಿ ತಗಿ!"

ತಾಯತ ಬಿಚ್ಚಬೇಕಾಯಿತು. ಮಥುರಾಬಾಯಿಯೇ ಸೂಜಿಯಿಂದ ಹೊಲಿಗೆ ಬಿಡಿಸಿ ಕೊಟ್ಟರು. ಓವರಸಿಯರರು ಎಂಟು ಮಡಿಕೆ ಬಿಚ್ಚಿ ಗಟ್ಟಿಯಾಗಿ ಓದಿದರು: "ಸುಭಾನಸಾಬನ ಬಾಡಿಗೆ ಬಂಡಿ. ಗಾಲಿ ಎಂಟು. ಎತ್ತು ಹನ್ನೆರಡು. ಐವತ್ತು ವರ್ಷ ಅಲ್ಲಾಡುವುದಿಲ್ಲ."

ಚಾಂದಸಾಬ ಮೊದಲು ನಕ್ಕ. ಅವನ ಹಿಂದೆ ಇಡೀ ಬಾಗಲಕೋಟೆ ನಕ್ಕಿತು. ಶಿರೂರಿನವರು ಮಾತ್ರ ನಗಲಿಲ್ಲ. ಅವರು ಎತ್ತಿಗಾಗಿ ಮೂರು ಹರದಾರಿ ನಡೆದು ಬಂದಿದ್ದರು.

ಸುಭಾನಸಾಬ ಬಿದಿರು ಹಿಡಿದೇ ಓವರಸಿಯರರ ಮುಂದೆ ಬಂದ. ಮನೆ ಹೋಯಿತು. ಸುಣ್ಣ ಹೋಯಿತು. ಸುಳ್ಳು ಬರೆಸಿದ್ದಕ್ಕೆ ಜೈಲೂ ಆಗಬಹುದು. "ಸಾಹೇಬ್ರ, ನಾ ಕೇಳಿದ್ದು ಗೌಂಡಿ ಲೈಸನ್ಸ್‌ರಿ. ಅದಿಲ್ದ ಮನಿ ಕಟ್ಟಬಾರದು ಅಂದಾರ್ರಿ. ನನ್ನ ಮನಿತನಾ ಎಲ್ಲಾ ಇದರ ಮ್ಯಾಲ ನಿಂತದ್ರಿ."

"ಗೌಂಡಿ ಲೈಸನ್ಸು?" ಓವರಸಿಯರರು ಹುಬ್ಬು ಗಂಟಿಕ್ಕಿದರು. "ನನ್ನ ಚಾಕರಿ ಹದಿನೆಂಟು ವರ್ಷ ಆತು. ಹಂತಾದ್ದೊಂದು ಸರಕಾರದಾಗ ಇಲ್ಲ. ಯಾವ ಕತ್ತಿ ಹೇಳಿದ್ದು?"

ನೂರಿಪ್ಪತ್ತು ತಲೆಗಳು ಒಟ್ಟಿಗೆ ತಿರುಗಿ ಕತ್ತೆಯನ್ನು ತೋರಿಸಿದವು.

ಚಾಂದಸಾಬ ಹಿಂದಕ್ಕೆ ಸರಿಯಲು ನೋಡಿದ. ಹಿಂದೆ ಶಿರೂರಿನವರು ಗೋಡೆಯಂತೆ ನಿಂತಿದ್ದರು. ಪಟ್ಟೇವಾಲ ನಳಿಗೆ ಕಸಿದು ಸಾಹೇಬರಿಗೆ ಕೊಟ್ಟ. ಓವರಸಿಯರರು ಕಾಗದ ಓದಿದರು. ಇನ್ನೊಮ್ಮೆ ಓದಿದರು. ಮೀಸೆ ಅದುರತೊಡಗಿತು.

"ಹುನಗುಂದದಾಗ ಲಗ್ನದ ಮೆರವಣಿಗ್ಯಾಗ ತಾಷಾ ಬಾರಸಾಕ ಪರವಾನಗಿ. ಒಂದು ಸಂಜಿಗೆ ಮಾತ್ರ. ಐದು ವರ್ಷದ ಹಿಂದಿಂದು."

"ನನ್ನ ಲಗ್ನದ್ರಿ," ಎಂದ ಚಾಂದಸಾಬ, ನೆಲ ನೋಡುತ್ತ.

ಈಗ ನಗದವರೆಂದರೆ ಪಂಢರೀನಾಥರಾಯರೊಬ್ಬರೇ. ಇಳಕಲ್ಲಿನಲ್ಲಿ ಹದಿನೈದು ಮನೆ ತಾಷಾದ ಮೇಲೆ ಎದ್ದು ನಿಂತಿವೆ! ಒಂದು ಠಸ್ಸೆ, ಒಂದು ಕಿರೀಟ, ಓದದೇ ನಂಬುವ ಹದಿನೈದು ಯಜಮಾನರು ಇದ್ದರೆ ಸಾಕು. ಸುಣ್ಣವೂ ಬೇಡ, ಗಾರೆಯೂ ಬೇಡ.

"ಮನಿ ಯಾರದು?" ಎಂದರು ಓವರಸಿಯರರು.

"ನಂದ್ರಿ," ರಾಯರು ಕುರ್ಚಿಯಿಂದ ಎದ್ದರು.

"ಕಟ್ಟೂದಕ್ಕ ಪರವಾನಗಿ ತಗೋಬೇಕಾದಾಂವ ಮನಿ ಯಜಮಾನ. ಗೌಂಡಿ ಅಲ್ಲ. ನಿಮ್ಮ ಅರ್ಜಿ ಎಲ್ಲದ?"

ಮೂವತ್ತು ವರ್ಷ ಬೇರೆಯವರ ಅರ್ಜಿಯನ್ನು ಅಕ್ಷರ ತಪ್ಪಿದೆಯೆಂದು ತಿರುಗಿ ಕಳಿಸಿದ ರಾಯರು ತಮ್ಮದನ್ನು ಬರೆಯುವುದೇ ಮರೆತಿದ್ದರು.

"ನಾಳೆ ಅರ್ಜಿ ಕೊಡ್ರಿ. ಇವತ್ತ ಪಾಯಾ ಮುಚ್ಚಸೂದಿಲ್ಲ, ಅದು ನನ್ನ ಉಪಕಾರ. ಕೆಲಸಾ ಯಾರಿಗೆ ಕೊಡ್ತೀರಿ ಅನ್ನೂದು ನಿಮ್ಮ ಖುಷಿ."

"ಖುಷಿ ನಂದು!" ಎಂದರು ಮಥುರಾಬಾಯಿ, ಕಲ್ಲಿನ ರಾಶಿಯಿಂದ ಇಳಿಯುತ್ತ. "ಜಾಗಾ ನನ್ನ ಹೆಸರಿಲೆ ಅದ, ಕಾಗದಾ ನೋಡ್ಕೋಳೊ ಪಂಢರಿ. ಸುಭಾನಪ್ಪಾ, ಮನಿ ನೀನ ಕಟ್ಟಬೇಕು. ಐವತ್ತು ವರ್ಷ ಅಲ್ಲಾಡೂದಿಲ್ಲ ಅಂತ ಸರಕಾರದಾಗ ಬರಸಿಯಲ್ಲ, ಅದು ಸಾಕು ನನಗ."

ಅರವತ್ತು ವರ್ಷದಲ್ಲಿ ಮೊದಲ ಸಲ ತಮ್ಮನಿಗೆ ಅಕ್ಕನ ಮಾತು ಕೇಳಿಸಿತು. "ಹೂಂ ಅಕ್ಕಾ," ಎಂದರು.

ಸುಭಾನಸಾಬ ಎಂಟು ದಿನದಿಂದ ಹಿಡಿದಿದ್ದ ಉಸಿರನ್ನು ಬಿಟ್ಟ. ಆ ಉಸಿರಿಗೆ ಕೈಯಲ್ಲಿದ್ದ ಬಿದಿರು ಕೆಳಗೆ ಬಿತ್ತು. ಓವರಸಿಯರರು ನಾಲ್ಕು ಬಿಲ್ಲೆಗಳನ್ನೂ ತೆಗೆದುಕೊಂಡರು. ಎದೆ ಹಗುರಾಯಿತು. ಖರೆ ಹೇಳಬೇಕೆಂದರೆ ಆ ತಗಡು ನಾಲ್ಕೈದು ದಿನದಿಂದ ಕುತ್ತಿಗೆ ಕೊರೆಯುತ್ತಿತ್ತು.

ಜನ ಕರಗಿತು. ಚಾಂದಸಾಬ ಯಾವಾಗ ಹೋದನೋ ಯಾರೂ ನೋಡಲಿಲ್ಲ. ಓವರಸಿಯರರು ಹೋಗುವ ಮೊದಲು ಪಾಯದಲ್ಲಿ ಇಣುಕಿದರು. ಪೂಜೆಯ ದಿನ ಸುಭಾನಸಾಬ ಕೂರಿಸಿದ್ದ ಮೂಲೆಕಲ್ಲು, ಮೊದಲ ಸಾಲಿನ ಕಲ್ಲು ತಟ್ಟಿದರು, ಸಂದು ಮುಟ್ಟಿ ನೋಡಿದರು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಟ ಹಾಯಿಸಿದರು. ದಾರ ಹಿಡಿದಂತೆ ನೆಟ್ಟಗಿತ್ತು.

"ಭೇಷ್," ಎಂದರು. ಆಮೇಲೆ ಸುತ್ತ ಯಾರೂ ಇಲ್ಲದ್ದು ನೋಡಿ ದನಿ ತಗ್ಗಿಸಿದರು. "ಸುಭಾನಸಾಬ, ನಂದೂ ಒಂದು ಮನಿ ಕಟ್ಟಸೂದದ. ನಾಕು ಖೋಲಿ. ನೀನ ಹಿಡೀಬೇಕು ನೋಡು." ಇಷ್ಟು ಹೇಳಿ ಕುದುರೆ ಹತ್ತಿದರು, ಲಗಾಮು ಎಳೆದರು, ಏನೋ ನೆನಪಾದವರಂತೆ ತಿರುಗಿದರು. "ಅಂದಂಗ, ನಿನ್ನ ಹಂತೇಕ ಲೈಸನ್ಸ್ ಗಿಸನ್ಸ್ ಏನರೆ ಅದ ಏನು?"

ಸುಭಾನಸಾಬ ಸಾಹೇಬರನ್ನು ನೋಡಿದ, ಕುದುರೆಯನ್ನು ನೋಡಿದ. ಕರಣಿಯನ್ನು ಸೊಂಟಕ್ಕೆ ಸಿಗಿಸಿಕೊಂಡು ಬೇವೂರಿನ ದಾರಿ ಹಿಡಿದು, ಸುಣ್ಣದ ಭಟ್ಟಿಯ ಕಡೆ ನಡೆದುಬಿಟ್ಟ.